ಒಂದನೇ ನಂಬರು ಮಾವನವರದು

ನಮ್ಮ ಮನೆಯಲ್ಲಿ ಕಂಪ್ಯೂಟರುಗಳಿಗೂ ಹಿರಿತನ ಕಿರಿತನ ಇತ್ತು. ಬನಹಟ್ಟಿಯಲ್ಲಿ ನಮ್ಮದು ಸೀರೆ ನೇಯಿಸಿ ಮಾರುವ ಮನೆ. ಹಿಂದೆ ಮಗ್ಗದ ಶೆಡ್ಡು, ಮುಂದಿನ ಎರಡು ಕೋಣೆ ಆಫೀಸು, ನಡುವೆ ಅಡಿಗೆಮನೆ, ದೇವರ ಜಗುಲಿ ಮತ್ತು ನಾನು. ಆಫೀಸಿನಲ್ಲಿ ಬಿಲ್ಲು ಮಾಡುವ ಕಂಪ್ಯೂಟರು ನಮ್ಮ ಯಜಮಾನರದು, ಇನ್ನೊಂದು ಮೈದುನನದು. ಅಂಚು, ಸೆರಗಿನ ಡಿಸೈನು ಬಿಡಿಸುವ ಮೂರನೆಯದು ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿಯದು. ನಾಲ್ಕನೆಯದು ಮಾವನವರ ಗಾದಿಯ ಪಕ್ಕದಲ್ಲಿದೆ. ಅದರಲ್ಲಿ ಅವರು ಭಜನೆ ಕೇಳುತ್ತಾರೆ. ಭಜನೆಗಳನ್ನು ಅದರ ಹೊಟ್ಟೆಯಲ್ಲೇ ತುಂಬಿಟ್ಟಿದ್ದರಿಂದ ಅದಕ್ಕೆ ಇಂಟರ್ನೆಟ್ಟಿನ ಹಂಗಿರಲಿಲ್ಲ. ಆದರೂ ಹಿರಿಯರ ಕಂಪ್ಯೂಟರಿಗೆ ತಂತಿ ಇಲ್ಲದಿದ್ದರೆ ಹೇಗೆಂದು ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಅದಕ್ಕೇ ಜೋಡಿಸಿದ್ದರು.

ಈ ಯಂತ್ರಗಳು ಒಂದಕ್ಕೊಂದು ಮಾತಾಡಬೇಕಾದರೆ ಪ್ರತಿಯೊಂದಕ್ಕೂ ಒಂದು ನಂಬರು ಬೇಕಂತೆ. ನಾಲ್ಕು ತುಂಡಿನ ಆ ನಂಬರಿನಲ್ಲಿ ಮೊದಲ ಮೂರು ತುಂಡು ಎಲ್ಲಕ್ಕೂ ಒಂದೇ, ಮನೆತನದ ಅಡ್ಡಹೆಸರಿನ ಹಾಗೆ. ಕೊನೆಯದು ಮಾತ್ರ ಬೇರೆ. ಬಾಗಿಲ ಮೇಲೆ ಕೂತು ಮಿಣುಮಿಣು ದೀಪ ಬಿಡುವ ನೆಟ್ಟಿನ ಪೆಟ್ಟಿಗೆ ಮೊದಲೆಲ್ಲ ಆ ನಂಬರುಗಳನ್ನು ತಾನೇ ಹಂಚುತ್ತಿತ್ತು. ಅದು ಕುಲ ಕೇಳುತ್ತಿರಲಿಲ್ಲ, ವಯಸ್ಸು ಕೇಳುತ್ತಿರಲಿಲ್ಲ. ಹಾಗಾಗಿ ಪ್ರಿಂಟರಿನ ನಂಬರು ಆಗಾಗ ಬದಲಾಗಿ ಬಿಲ್ಲು ಹೊರಗೆ ಬರುತ್ತಿರಲಿಲ್ಲ. ಯಜಮಾನರು ಒಂದು ಶುಕ್ರವಾರ ಪೂಜೆ ಮುಗಿಸಿ, ಹಾಳೆ ಹಿಡಿದು, ಎಲ್ಲಕ್ಕೂ ಕಾಯಂ ನಂಬರು ಬರೆಯಲು ಕೂತರು.

"ಪ್ರಿಂಟರಿಗೊಂದಕ್ಕ ಕೊಟ್ಟ್ರ ಸಾಕಿಲ್ಲೇನ್ರಿ?" ಎಂದು ನಾನು ಚಹಾ ಇಡುತ್ತ ಕೇಳಿದೆ.

"ನಿನಗ ತಿಳಿಯೂದಿಲ್ಲ. ಎಲ್ಲಾ ಕಂಪ್ಯೂಟರು ಹೊರಗ ಹೋಗಬೇಕಾರ ಒಂದನೇ ನಂಬರಿಗೆ ಕೇಳೇ ಹೋಗಬೇಕಂತ ಪೆಟಗಿ ಜೋಡಿ ಬಂದ ಪುಸ್ತಕದಾಗ ಬರದೈತಿ. ಈ ಮನ್ಯಾಗ ಯಾರ್ನ ಕೇಳಿ ಹೊರಗ ಹೋಗ್ತೇವಿ ಹೇಳು?"

"ಅಪ್ಪಾರ್ನ," ಎಂದ ಮೈದುನ. ಅಲ್ಲಿಗೆ ತೀರ್ಮಾನವಾಯಿತು.

ಒಂದು ಮಾವನವರಿಗೆ, ಎರಡು ಯಜಮಾನರಿಗೆ, ಮೂರು ಮೈದುನನಿಗೆ. ನಾಲ್ಕು ಪ್ರಿಂಟರಿಗೆ ಹೋಯಿತು. ಐದು ಶೆಡ್ಡಿನ ಕ್ಯಾಮರಾಕ್ಕೆ. ನೆಗೆಣ್ಣಿಗೆ ಆರು. ಅವಳು ಮನೆಗೆ ಬಂದದ್ದು ಕ್ಯಾಮರಾಕ್ಕಿಂತ ಮೊದಲು, ಆದರೆ ಹೋಗಲಿ. ನನ್ನ ಮೊಬೈಲಿಗೆ ಕಾಯಂ ನಂಬರು ಸಿಗಲಿಲ್ಲ. ಪೆಟ್ಟಿಗೆ ಉಳಿದದ್ದರಲ್ಲಿ ಯಾವುದನ್ನೋ ಕೊಡುತ್ತಿತ್ತು, ನಾನು ಪ್ರಸಾದವೆಂದು ತಗೊಳ್ಳುತ್ತಿದ್ದೆ. ಯಾರೂ ಲೆಕ್ಕಕ್ಕೆ ಹಿಡಿಯದಿರುವುದೂ ಒಂದು ಸುಖವೇ.

ಸಂಜೆ ಆಫೀಸು ಮುಚ್ಚುವಾಗ ಪೆಟ್ಟಿಗೆ ಸಮೇತ ಎಲ್ಲ ಸ್ವಿಚ್ಚನ್ನೂ ಆರಿಸುವುದು ನಮ್ಮ ರೂಢಿ. ಬೆಳಿಗ್ಗೆ ಪೂಜೆಯಾದ ಮೇಲೆ ಮೊದಲು ಮಾವನವರ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಚಾಲೂ ಮಾಡುತ್ತಾರೆ. ಅದು ಎದ್ದು ಭಜನೆ ಹಾಡತೊಡಗಿದ ಮೇಲೆಯೇ ಉಳಿದವು ಏಳಬೇಕು. ಸಂಜೆಯವರೆಗೆ ಅದನ್ನು ಆರಿಸುವಂತಿಲ್ಲ.

ಕಾಯಂ ನಂಬರು ಬಂದ ಮರುದಿನದಿಂದ ನೆಟ್ಟು ಸತ್ತು ಬಿತ್ತು. ಪ್ರಿಂಟರು ಮಾತ್ರ ಚಂದ ಕೆಲಸ ಮಾಡುತ್ತಿತ್ತು, ಸುಳ್ಳು ಹೇಳಬಾರದು. ವಾರಗಟ್ಟಲೆ, ಅಪರೂಪಕ್ಕೊಂದು ದಿನ ಬಿಟ್ಟರೆ, ಹೊರಗೆ ಏನೂ ಹೋಗುತ್ತಿರಲಿಲ್ಲ, ಹೊರಗಿನದು ಒಳಗೆ ಬರುತ್ತಿರಲಿಲ್ಲ. ತಂತಿ ಎರಡು ಸಲ ಬದಲಾಯಿತು, ಪೆಟ್ಟಿಗೆಗೆ ನಿಂಬೆಹಣ್ಣು ನಿವಾಳಿಸಿದ್ದಾಯಿತು. ಕೊನೆಗೆ ತಪ್ಪು ಯಾರದೆಂದು ಮಾವನವರು ಗಾದಿಯ ಮೇಲೆ ಕೂತಲ್ಲಿಂದಲೇ ಕಂಡುಹಿಡಿದರು.

"ಸಣ್ಣ ಸೊಸಿ ದೊಡ್ಡ ದೊಡ್ಡ ಚಿತ್ರಾ ಕಳಸಾಕತ್ತಾಳ. ತಂತಿ ತಡೀವಲ್ದು. ಆ ಕಂಪ್ಯೂಟರ್ ಅಟ್ಟಕ್ಕ ಇಡ್ರಿ, ಆಕಿ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಲಿ."

ನೆಗೆಣ್ಣಿ ತನ್ನ ಪರದೆಯ ಕಡೆ ತಿರುಗಿದಳು. ಅವಳು ಆ ಮಂಗಳವಾರ ಬೆಳಿಗ್ಗೆಯಷ್ಟೇ ಕಬ್ಬಿನ ಗರಿಯ ಅಂಚೊಂದನ್ನು ಬಿಡಿಸಿ ಮುಗಿಸಿದ್ದಳು. ಅವಳದೇ ಮೊದಲ ಸ್ವಂತ ಡಿಸೈನು. ಮುಧೋಳದ ಅಂಗಡಿಯವರು ಗುರುವಾರ ಮಧ್ಯಾಹ್ನದೊಳಗೆ ನೋಡಿ ಹೇಳುತ್ತೇವೆ ಅಂದಿದ್ದರು. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದು ಅದರ ಸಿಮ್ಮಿನ ನೆಟ್ಟಿನಲ್ಲೇ ಕಳಿಸಿದಾಗ ಅವರು ಇದು ಗರಿಯೋ ಹುಲ್ಲೋ ಎಂದು ಕೇಳಿದ್ದರು. ಗುರುವಾರದೊಳಗೆ ಹೋಗದಿದ್ದರೆ ಕಂಪ್ಯೂಟರು ಅಟ್ಟಕ್ಕೆ ಎಂದು ಮೈದುನನೂ ತಲೆ ಅಲ್ಲಾಡಿಸಿದ. ಹೆಂಡತಿಯ ಪರವಾಗಿ ಅವನು ಮಾಡಿದ ದೊಡ್ಡ ಉಪಕಾರವೆಂದರೆ ಗುರುವಾರದ ತನಕ ಅವಕಾಶ ಕೇಳಿದ್ದು.

ನನಗೆ ಒಂದು ಚಟವಿದೆ. ತಾಯಿ ಬನಶಂಕರಿ ಆ ದಿನ ಕೊಟ್ಟದ್ದನ್ನು ಕ್ಯಾಲೆಂಡರಿನ ಮನೆಯಲ್ಲಿ ಬರೆದಿಡುತ್ತೇನೆ. ಹಾಲು ಒಡೆಯಲಿಲ್ಲ. ಮೊಣಕಾಲು ನೋಯಲಿಲ್ಲ. ನೆಟ್ಟು ಬಂತು. ಅದೇ ರಾತ್ರಿ ಅದನ್ನು ತಿರುವಿ ನೋಡಿದರೆ, ಕಾಯಂ ನಂಬರು ಬಂದ ಮೇಲೆ ನೆಟ್ಟು ಬಂದ ದಿನಗಳೆಲ್ಲ ಸೋಮವಾರಗಳು. ಅದರ ಜೊತೆಗೆ ಒಂದೇ ಒಂದು ಬುಧವಾರ. ಸೋಮವಾರ ಮಾವನವರು ಉಪವಾಸವಿದ್ದು ಮಲ್ಲಿಕಾರ್ಜುನನ ಗುಡಿಯಲ್ಲೇ ದಿನ ಕಳೆಯುತ್ತಾರೆ. ಆ ಬುಧವಾರ ಅವರು ಬೀಳಗಿಗೆ ಮದುವೆಗೆ ಹೋಗಿದ್ದರು. ಅಂಥ ದಿನ ಭಜನೆ ಕೇಳುವವರಿಲ್ಲದೆ ಅವರ ಕಂಪ್ಯೂಟರು ಮುಸುಕು ಹೊದ್ದು ಮಲಗಿತ್ತು. ತಾಯಿ ಇಂಥದ್ದನ್ನೆಲ್ಲ ಸೊಸೆಯ ಕಣ್ಣಿಗೇ ಏಕೆ ಬೀಳಿಸುತ್ತಾಳೋ.

ಯಜಮಾನರಿಗೆ ಹೇಳಿದೆ.

"ಅಪ್ಪಾರ ಮನ್ಯಾಗಿಲ್ಲದಾಗ ನೆಟ್ ಬರತೈತಿ ಅಂತ ಅವರ ಮುಂದ ಹೋಗಿ ಹೇಳಾಕ ನನಗೇನ್ ಹುಚ್ಚ ಹಿಡದೈತೇನು?" ಅಂದರು.

ಬುಧವಾರ ಜಮಖಂಡಿಯಿಂದ ಕಂಪ್ಯೂಟರು ರಿಪೇರಿಯವರು ಬಂದರು. ನನ್ನ ವಯಸ್ಸಿನವರೇ, ಕನ್ನಡಕ ಹಣೆಯ ಮೇಲೆ. ಅವರು ಮೂರನೇ ಸಲ ತಂತಿ ಬಿಚ್ಚುವ ಮೊದಲೇ ನಾನು ಕ್ಯಾಲೆಂಡರು ಕೈಗೆ ಕೊಟ್ಟೆ. ಓದಿದರು, ಯಜಮಾನರು ಬರೆದ ಹಾಳೆ ತರಿಸಿದರು, ಕನ್ನಡಕ ಕಣ್ಣಿಗೆ ಇಳಿಸಿದರು.

"ಬಾಗಲಾಗಿನ ಪೆಟಗಿಗೆ ಮೊದಲಿಂದನೂ ಒಂದನೇ ನಂಬರ್ ಐತ್ರಿ. ಹಿರಿಯಾರದು ಅದಕ್ಕಿಂತ ಮೊದಲ ಚಾಲೂ ಆಗಿ ಆ ನಂಬರ್ ಹಿಡಕೊಂಡ ಕುಂದರತೈತಿ. ಉಳದಾವು ಹೊರಗ ಹೋಗಾಕ ಒಂದನೇದು ಎಲ್ಲೈತಿ ಅಂತ ಕೇಳಿದ್ರ, ಇಲ್ಲೇ ಅದೇನಿ ಬರ್ರಿ ಅಂತ ಇದು ಕರೀತೈತಿ. ಹೋದ್ರ ಅಲ್ಲಿ ಬಾಗಲಾ ಇಲ್ಲ, ಬರೇ ಭಜನಿ."

"ಮತ್ತ ಆ ಪೆಟಗಿ ಮಾಡೂದರ ಏನು?" ಎಂದು ಕೇಳಿದೆ.

"ನಿಮ್ಮ ಮನಿಯೊಳಗಿನ ನಂಬರ್ ಹೊರಗ ನಡಿಯೂದಿಲ್ರಿ ಅಕ್ಕಾರ. ಹೊರಗಿನ ಮಂದಿಗೆ ಇಡೀ ಮನಿಗೆಲ್ಲಾ ಒಂದ ನಂಬರ್. ಯಾರದ ಮಾತಿದ್ರೂ ಪೆಟಗಿ ಆ ನಂಬರ್ ಹಚ್ಚಿ ಕಳಸತೈತಿ. ಉತ್ತರ ಬಂತಂದ್ರ ಇದು ಇವರದು, ಅದು ಅವರದು ಅಂತ ನೆನಪಿಟ್ಟು ಹಂಚತೈತಿ."

ನಾನು ಪೆಟ್ಟಿಗೆಯನ್ನು ಸ್ವಲ್ಪ ಗೌರವದಿಂದ ನೋಡಿದೆ. ಓಣಿಯಲ್ಲಿ ಏನೇ ತಂದರೂ ಮಾವನವರ ಹೆಸರಿನಲ್ಲಿ ತಂದು, ಒಳಗೆ ಯಾರ ಗುಳಿಗೆ, ಯಾರ ಅಡಿಕೆ, ಯಾರ ಎಣ್ಣೆ ಎಂದು ಹಂಚುವ ಕೆಲಸ ಇಪ್ಪತ್ತು ವರ್ಷದಿಂದ ನನ್ನದು. ನನಗೆ ಇದುವರೆಗೆ ಯಾರೂ ಮಿಣುಮಿಣು ದೀಪ ಹಾಕಿಸಿಕೊಟ್ಟಿಲ್ಲ.

ಇನ್ನು ಮಾವನವರಿಗೆ ನಂಬರು ಬಿಡಿ ಎಂದು ಹೇಳುವುದು ಉಳಿಯಿತು. ಯಜಮಾನರಿಗೆ ಶೆಡ್ಡಿನಲ್ಲಿ ಕೆಲಸ ನೆನಪಾಯಿತು. ಮೈದುನನಿಗೆ ಫೋನು ಬಂತು, ಗಂಟೆ ಬಾರಿಸದೆಯೇ. ರಿಪೇರಿಯವರು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡರು: "ನಾ ಯಂತ್ರಾ ಅಷ್ಟ ರಿಪೇರಿ ಮಾಡ್ತೇನ್ರಿ."

ನೆಗೆಣ್ಣಿ ನನ್ನ ಮುಖ ನೋಡಿದಳು. ನಾನು ಮಜ್ಜಿಗೆ ತಗೊಂಡು ಹೋದೆ.

"ಮಾವಾರ, ಒಂದನೇ ನಂಬರಿಂದು ಬಾಗಲ ಕಾಯೂ ಕೆಲಸಂತ್ರಿ. ಹೋಗಾವ್ರನ್ನ ಬರಾವ್ರನ್ನ ದಿನಾ ಪೂರ್ತಿ ಬಿಡಬೇಕಂತ. ನಿಮಗ್ಯಾಕ್ರೀ ಆ ತ್ರಾಸ?"

ಅವರು ಮಜ್ಜಿಗೆ ಅರ್ಧ ಕುಡಿದರು. "ನನಗ ಬಾಗಲ ಕಾಯೂ ನಂಬರ್ ಕೊಟ್ಟಾನೇನ್ ಅಂವಾ?"

"ಅವರಿಗೆ ಗೊತ್ತಿರಲಿಲ್ರಿ."

"ಅವನಿಗೆ ಏನ್ ಗೊತ್ತೈತಿ." ಉಳಿದ ಅರ್ಧ ಮಜ್ಜಿಗೆಯೂ ಹೋಯಿತು. "ಮತ್ತ ಯಾವ್ದ ಖಾಲಿ ಅದಾವು?"

"ಏಳರಿಂದ ಮುಂದ ಬೇಕಾದಷ್ಟ ಅದಾವ್ರಿ."

ಏಳು ಎಂದರೆ ನೆಗೆಣ್ಣಿಯ ಕೆಳಗೆ. ಅವರ ಹುಬ್ಬು ಏರಿತು, ನಾನು ಖಾಲಿ ಲೋಟ ಎತ್ತಿಕೊಂಡೆ. ಆಮೇಲೆ ಅವರೇ ಕೇಳಿದರು: "ನೂರಾ ಎಂಟು ಐತೇನು?"

ಇತ್ತು. ರಿಪೇರಿಯವರು ಅದನ್ನು ಬರೆದು, ಪೆಟ್ಟಿಗೆ ಅದನ್ನು ಬೇರೆ ಯಾರಿಗೂ ಹಂಚದಂತೆ ಮೀಸಲಿಟ್ಟರು. ಭಜನೆ ನಿಲ್ಲಲಿಲ್ಲ, ನೆಟ್ಟೂ ಬಂತು. ತಾವು ಜಪದ ಸಂಖ್ಯೆ ಹಿಡಿದದ್ದರಿಂದಲೇ ಎಲ್ಲ ಸರಿಹೋಯಿತೆಂದು ಮಾವನವರು ಅಂದೇ ರಬಕವಿಯ ಬೀಗರಿಗೆ ಫೋನಿನಲ್ಲಿ ಹೇಳಿದರು. ಯಾರೂ ಅಲ್ಲಗಳೆಯಲಿಲ್ಲ. ಯಜಮಾನರಂತೂ ತಮಗೆ ಹನ್ನೊಂದು ಬೇಕೆಂದು ರಿಪೇರಿಯವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಹೋದರು.

ಗುರುವಾರ ಬೆಳಿಗ್ಗೆ ಕಬ್ಬಿನ ಗರಿ ಮುಧೋಳಕ್ಕೆ ಹೋಯಿತು. ಹನ್ನೆರಡರೊಳಗೆ ಉತ್ತರವೂ ಬಂತು: ಗರಿ ಸ್ವಲ್ಪ ಅಗಲ ಮಾಡಿ, ಮದುವೆಯ ಸೀರೆಗಳಿಗೆಲ್ಲ ಇದೇ ಅಂಚು ಇರಲಿ. ಮಾವನವರು ಕೇಳಿಸಿಕೊಂಡರು. ಅಟ್ಟದ ಮಾತು ಎತ್ತಲಿಲ್ಲ. ಅವರ ಬಾಯಿಂದ ಅದೇ ದೊಡ್ಡ ಹೊಗಳಿಕೆ.

ಊಟದ ಹೊತ್ತಿಗೆ ಎಲ್ಲರ ತಾಟೂ ಬಡಿಸಿದ್ದೆ. ನೆಗೆಣ್ಣಿ ಬರಲಿಲ್ಲ. ಹೋಗಿ ಕರೆದೆ.

"ಗರಿ ಅಗಲ ಮಾಡಾಕತ್ತೇನ್ರಿ ಅಕ್ಕಾರ. ನೀವು ಉಣ್ರಿ," ಎಂದಳು, ತಿರುಗಿ ನೋಡದೆ.

ಈ ಮನೆಯಲ್ಲಿ ಗಂಡಸರನ್ನು ಬಿಟ್ಟು ಬೇರೆ ಯಾರೂ ಕೆಲಸವಿದೆ ಎಂದು ಊಟ ಮುಂದೂಡಿದ್ದನ್ನು ನಾನು ಕಂಡಿರಲಿಲ್ಲ. ಅವಳ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟು, ರೊಟ್ಟಿ ಆರದಂತೆ ಅರಿವೆ ಸುತ್ತಿ ಬಂದೆ.