ಧೂಳಿಗೊಂದು ಬೇಲಿ

ಮೊನ್ನೆ ನನಗೆ ಶೀತವಾಗಿತ್ತೆಂದು ಸೊಸೆ ಕುದಿಯುವ ನೀರಿಗೆ ಲಕ್ಕಿ ಸೊಪ್ಪು ಹಾಕಿ ತಂದಿಟ್ಟಳು. ಕಂಬಳಿ ಹೊದ್ದು ಆ ಕಟುವಾದ ಹಬೆಗೆ ಮುಖ ಒಡ್ಡಿದೆ. ಪಕ್ಕದ ಮನೆಯ ಅಕ್ಕ ನೆನಪಾದಳು...

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಪಿರೆಡ್ಡಿಪಟ್ಟಿಯಿಂದ ಮದುವೆಯಾಗಿ ತಮಿಳುನಾಡಿನದೇ ಲಾರಿಗಳ ಊರು ಶಂಕಗಿರಿಗೆ ಬಂದಿದ್ದೆ. ನಮ್ಮ ಹಾಗೆ ಕನ್ನಡ ಆಡುವ ಮನೆ ಆ ಬೀದಿಯಲ್ಲಿ ಅವರದೊಂದೇ. ಅಕ್ಕನ ಗಂಡ ಲಾರಿ ಡ್ರೈವರು; ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಅವರ ಅಂಗಳಕ್ಕೆ ಹೊಂದಿಕೊಂಡೇ ಲಾರಿ ನಿಲ್ಲಿಸುವ ಬಯಲು. ಗಾಡಿ ತಿರುಗಿದಾಗೆಲ್ಲ ಧೂಳು ಎದ್ದು ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಅವರ ಪುಟ್ಟ ಮಗಳಿಗೆ ಉಬ್ಬಸ. ದಟ್ಟವಾಗಿ ಬೇಲಿ ಬೆಳೆಸಿ ಎಂದು ಡಾಕ್ಟರು ಹೇಳಿದ್ದರು.

ಏನು ನೆಡುವುದೆಂಬುದೇ ಜಗಳವಾಯಿತು. ಗಂಡನಿಗೆ ನೆಟ್ಟಲಿಂಗ, ಆ ಕಂಬದಂಥ ಅಶೋಕ ಮರಗಳೇ ಬೇಕು: ವರ್ಷವಿಡೀ ಹಸಿರು, ಗೋಡೆಯಂತೆ ನೆಟ್ಟಗೆ, ನೋಡಲು ಲಕ್ಷಣ. ಅಕ್ಕನಿಗೆ ಲಕ್ಕಿ ಗಿಡ. ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ಆಡು ಬಾಯಿ ಹಾಕುವುದಿಲ್ಲ.

"ಪೊದೆ ಬೆಳ್ಸಿ ಬುಸ್ಗುಟ್ಟೋ ಆವು ಸಾಕ್ತೀಯಾ?" ಎಂದ ಅವನು.

"ನಿನ್ನ ಮರ ಏಳೋಗಂಟ ಮಗಾ ಉಸ್ರು ಆಡ್ದೇ ಇರ್ತೈತಾ? ವೆಯ್ಟ್ ಪಣ್ಣು, ತಾಳು ಅಂತ ಅದ್ಕೆ ಏಳ್ಳಾ?"

ಅವನು ಮರುದಿನ ಲಾರಿ ಹತ್ತುವ ಮುನ್ನ ತಾನೇ ಹಳ್ಳದ ದಂಡೆಯಿಂದ ಲಕ್ಕಿ ಕಡ್ಡಿಗಳನ್ನು ಕಡಿದು ತಂದು ಹಾಕಿ ಹೋದ.

ನೆಟ್ಟವಳೂ ನೀರು ಹೊತ್ತವಳೂ ಅಕ್ಕನೇ. ಧೂಳು ಕೂತರೆ ಎಲೆ ಸೊರಗುತ್ತದೆಂದು ಬೇಲಿಯ ಆಚೆ, ಲಾರಿಗಳ ಕಡೆ ನಿಂತು, ದಿನವೂ ಚೊಂಬಿನಿಂದ ನೀರು ಎರಚಿ ತೊಳೆಯುತ್ತಿದ್ದಳು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿ ಆಳೆತ್ತರ ಬಂತು. ಮಗಳು ಅಂಗಳದಲ್ಲಿ ಓಡತೊಡಗಿದಳು. ಕೆಮ್ಮು ಮಾತ್ರ ಆ ಮನೆ ಬಿಡಲಿಲ್ಲ... ತಾಯಿಗೆ ಹಿಡಿಯಿತು. ಆಸ್ಪತ್ರೆಗೆ ಹೋಗೋಣ ಬಾ ಎಂದು ಎಷ್ಟು ಕರೆದರೂ, "ಸುಮ್ಕಿರಮ್ಮಿ, ಮಗಾ ಸಂದಾಗೈತಲ್ಲ" ಎನ್ನುತ್ತಿದ್ದಳು. ಕೊನೆಗೆ ಸೇಲಂಗೆ ಕರೆದೊಯ್ದಾಗ ಶ್ವಾಸಕೋಶದಲ್ಲಿ ಏನೂ ಉಳಿದಿರಲಿಲ್ಲ. ಹೆಣವನ್ನು ಮನೆಗೆ ತಂದದ್ದು ಗಂಡನ ಗೆಳೆಯರ ಲಾರಿಯಲ್ಲೇ.

ಅವನು ಮಗಳನ್ನು ಸೇಲಂನ ಹಾಸ್ಟೆಲಿಗೆ ಸೇರಿಸಿ ಮತ್ತೆ ದುಡಿಮೆಗೆ ಹೋದ. ಅಲ್ಲಿ ಅವಳ ಮಾತೆಲ್ಲ ತಮಿಳಾಯಿತು. ಈಗ ಟೀಚರು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ.

ಮೊನ್ನೆ ಸಂಜೆ ನಾನೇ ಫೋನ್ ಮಾಡಿದೆ. ನಿನ್ನಮ್ಮ ನೆನಪಾದಳು ಕಣೇ ಎಂದೆ, ತಮಿಳಿನಲ್ಲೇ. ಅವಳು ಕೇಳಿದಳು:

"ಅಮ್ಮಾ ಎಪ್ಪಡಿ ಪೇಸುವಾಂಗ, ಅತ್ತೆ?"

ಅಮ್ಮ ಹೇಗೆ ಮಾತಾಡುತ್ತಿದ್ದಳು... ಅಕ್ಕನ ಹಾಗೆಯೇ ನಾಲ್ಕು ಮಾತು ಆಡಿ ತೋರಿಸಲು ನೋಡಿದೆ. ಶೀತದ ಗಂಟಲು, ಅವಳ ದನಿ ಬರಲಿಲ್ಲ. ಬಂದಷ್ಟು ಮಾತೂ ಮಗಳಿಗೆ ಅರ್ಥವಾಗಲಿಲ್ಲ.