ಗಾಳಿ ನೋಡಿ ಕಟ್ಟಿದ ಸೌನಾ

ಸೇಡು ತೀರಿಸಿಕೊಳ್ಳಲು ಬೇಕಾದ ಯಾವ ಯೋಗ್ಯತೆಯೂ ಇಲ್ಪೊನಿಗೆ ಇರಲಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಳ್ಳುತ್ತಿದ್ದವನು ಅವನೇ. ಮೂವತ್ತು ದಾಟಿದರೂ ಪೇಟೆಯ ಟೈರ್ ಅಂಗಡಿಯಲ್ಲಿ ಸಂಬಳಕ್ಕೆ ಗೇಯುತ್ತಿದ್ದ. ಗಿರಾಕಿ ಬೈದರೆ ತಕ್ಕ ಉತ್ತರ ಹೊಳೆಯುತ್ತಿದ್ದುದು ಸಂಜೆ ಮನೆಗೆ ಹೋಗಿ ಕಾಲುಚೀಲ ಕಳಚುವಾಗ. ಅಂಥವನ ಹೊಟ್ಟೆಗೂ ಬೆಂಕಿ ಇಟ್ಟವನು ದೊಡ್ಡಪ್ಪನ ಮಗ ರೈಮೊ.

ಸರೋವರದ ದಂಡೆಯಲ್ಲಿ ಅಜ್ಜ ದಿಮ್ಮಿ ಪೇರಿಸಿ ಕಟ್ಟಿದ ಸೌನಾ, ಅಂದರೆ ಹಬೆಸ್ನಾನದ ಮನೆ, ಇತ್ತು. ಹಿಸ್ಸೆಯಲ್ಲಿ ನೆಲ ದೊಡ್ಡಪ್ಪನಿಗೂ ಸೌನಾ ಇಲ್ಪೊನ ಅಪ್ಪನಿಗೂ ಬಂದಿದ್ದವು. ಇಬ್ಬರೂ ಹೋದ ಮೇಲೆ ರೈಮೊ ಅಲ್ಲೇ ಬಿಳಿ ಮನೆ ಕಟ್ಟಿಸಿ, ಒಳಗೆ ಕರೆಂಟಿನ ಸೌನಾ ಇಡಿಸಿದ. ಚಳಿಗಾಲದ ಟೈರ್ ಹಾಕಿಸಲು ಅಂಗಡಿಗೆ ಬಂದವನು ಎಲ್ಲರೆದುರು ಹೇಳಿದ:

“ಲೋ ಇಲ್ಪೊ, ನಿನ್ನ ಆ ಕರಿ ಗೂಡು ನನ್ನ ಕಿಟಕಿಗೆ ಅಡ್ಡ ಆಗಿದೆ. ಜೂನ್ ಕೊನೇಲಿ ಬರೋ ಯುಹಾನ್ನುಸ್ ಹಬ್ಬದೊಳಗೆ ಎತ್ಕೊಂಡು ಹೋಗು. ಇಲ್ದಿದ್ರೆ ಹಬ್ಬದ ಬೆಂಕಿಗೆ ಅದೇ ಸೌದೆ.”

“ಎತ್ಕೊಂಡು ಹೋಗೋಕೆ ಅದೇನು ಸೂಟ್‌ಕೇಸಾ ಅಣ್ಣ?”

“ನಿನ್ನ ಕೈಲಿ ಆಗಲ್ಲ ಅಂತ ಗೊತ್ತು ಬಿಡು. ನಟ್ ಬಿಗಿ ಮಾಡು.”

ಎಲ್ಲರೂ ನಕ್ಕರು. ಇಲ್ಪೊ ನಟ್ ಬಿಗಿ ಮಾಡಿದ.

ಎದುರು ದಂಡೆಯಲ್ಲಿ ಅಪ್ಪ ಬಿಟ್ಟುಹೋದ ಚೂರು ಬಂಡೆನೆಲವಿತ್ತು. ಭಾನುವಾರಗಳಲ್ಲಿ ಅಲ್ಲಿ ನಿಂತು, ಬೆರಳು ಒದ್ದೆ ಮಾಡಿಕೊಂಡು ಗಾಳಿ ನೋಡಿದ. ಅಜ್ಜನದು ಹೊಗೆ ಸೌನಾ, ಚಿಮಣಿ ಇಲ್ಲ. ಬೆಳಗಿನಿಂದ ಸೌದೆ ಉರಿಸಿ ಕಲ್ಲು ಕಾಯಿಸುವಾಗ ಹೊಗೆಯೆಲ್ಲ ಬಾಗಿಲಿಂದಲೇ ಹೊರಗೆ ಬರುತ್ತದೆ. ಗಾಳಿ ನೇರ ಬಿಳಿ ಮನೆಗೆ ನುಗ್ಗುವ ಜಾಗ ಸಿಕ್ಕಿದ್ದೇ ಸೌನಾ ಇಲ್ಲೇ ಏಳಬೇಕೆಂದು ಗೂಟ ಹೊಡೆದ.

ಸರೋವರ ಹೆಪ್ಪುಗಟ್ಟಿದ ಮೇಲೆ ಸೌನಾವನ್ನು ಮಾಡಿನಿಂದ ಬಿಚ್ಚುತ್ತ ಬಂದ. ಒಂದೊಂದು ದಿಮ್ಮಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದು, ಎರವಲು ಟ್ರ್ಯಾಕ್ಟರಿನಿಂದ ಹಿಮದ ಮೇಲೆ ಎದುರು ದಂಡೆಗೆ ಎಳೆದ. ರೈಮೊನಿಗೆ ಏನೂ ಉಳಿಯಬಾರದೆಂದು ಒಲೆಯ ಕಲ್ಲನ್ನೂ ದಿಮ್ಮಿಗಳ ಸಂದಿಗೆ ತುರುಕಿದ್ದ ಪಾಚಿಯನ್ನೂ ಬಾಚಿಕೊಂಡ. ರೈಮೊ ಕಿಟಕಿಯಲ್ಲಿ ಕಾಫಿ ಹೀರುತ್ತ ನೋಡಿದ. ಅದೇ ವಾರ ಬಿದ್ದ ಹಿಮಮಳೆಗೆ ನಂಬರೆಲ್ಲ ತೊಳೆದುಹೋಯಿತು. ಬೇರೆ ಯಾರೇ ಆಗಿದ್ದರೂ ಕೊಡಲಿಯಿಂದ ಗುರುತು ಕೊರೆಯುತ್ತಿದ್ದರು. ಟೈರಿನವನಿಗೆ ಸೀಮೆಸುಣ್ಣವೇ ಹೊಳೆದದ್ದು. ವಸಂತವೆಲ್ಲ ದಿಮ್ಮಿ ತಿರುಗಿಸಿ ಮುರುಗಿಸಿ ಕೂರಿಸಿದ. ಕಿಟಕಿ ಬಂಡೆಗೆ ಮುಖ ಮಾಡಿತು. ಬಾಗಿಲು ಮಾತ್ರ ಸರಿಯಾಗಿ ರೈಮೊನ ಕಡೆಗಿತ್ತು, ಅವನಿಗೆ ಅಷ್ಟು ಸಾಕು.

ಜೂನ್‌ನ ಒಂದು ಶನಿವಾರ ಬೇಕೆಂದೇ ಹಸಿ ಸೌದೆ ಒಟ್ಟಿದ. ಮಧ್ಯಾಹ್ನದ ಹೊತ್ತಿಗೆ ಬಿಳಿ ಮನೆ ಕಾಣದಾಯಿತು. ಉರಿ ಆರಿ, ಹೊಗೆ ಇಳಿಯುವಷ್ಟರಲ್ಲಿ ದೋಣಿ ಬಂತು. ಹುಟ್ಟು ಹಾಕುತ್ತಿದ್ದವನು ರೈಮೊ. ಎದುರಿಗೆ ಕೂತಿದ್ದವರು ಟವೆಲು, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದ ಅವನ ತಾಯಿ ಹೆಲ್ವಿ.

“ಪರದೆ ಎಲ್ಲ ಮಸಿ ಆಯ್ತಲ್ಲೋ! ಪೊಲೀಸಿಗೆ ಹೇಳ್ತೀನಿ!” ರೈಮೊ ಕೂಗಿದ.

“ಬಾಯ್ಮುಚ್ಚೋ,” ಎಂದರು ಹೆಲ್ವಿ. “ಹೊಗೆ ವಾಸನೆ ಬಂತು, ಅದಕ್ಕೇ ಬಂದೆ. ನಿನ್ನ ಕರೆಂಟ್ ಡಬ್ಬೀಲಿ ನನ್ನ ಮೈ ಬೆವರಲ್ಲ. ನಿನ್ನನ್ನ ಹೆತ್ತಿದ್ದೇ ಇದರೊಳಗೆ, ಸುಡೋಕೆ ಹೊರಟಿದ್ದೆಯಲ್ಲೋ. ಇಲ್ಪೊ, ಕೈ ಕೊಡಪ್ಪ.”

ಅವರು ಮಿಂದು ಕೆಂಪಗಾಗಿ ಹೊರಬಂದು ಮೆಟ್ಟಿಲಲ್ಲಿ ಕೂತರು. “ಇನ್ನು ಪ್ರತಿ ಶನಿವಾರ ಬರ್ತೀನಿ. ಇವನು ಹುಟ್ಟು ಹಾಕ್ತಾನೆ.”

ಇಷ್ಟು ಸೊಗಸಾದ ಸೇಡು ಇಲ್ಪೊನ ತಲೆಗೆ ಹೊಳೆದಿರಲೇ ಇಲ್ಲ. ಹಿಗ್ಗಿ ಒಳಗೆ ಹೋದ. ರೈಮೊ ದಂಡೆಯಲ್ಲಿ ಸೊಳ್ಳೆ ಹೊಡೆಯುತ್ತ ಕೂತ.

“ಅವನನ್ನೂ ಕರಿಯೋ,” ಎಂದರು ಹೆಲ್ವಿ ಹೊರಗಿನಿಂದ.

“ಅವನೇ ಕೇಳ್ಲಿ ದೊಡ್ಡಮ್ಮ.”

ತುಂಬ ಹೊತ್ತಾದ ಮೇಲೆ ಬಾಗಿಲಾಚೆ ಗಂಟಲು ಸರಿಮಾಡಿಕೊಂಡ ಸದ್ದು. “ಇಲ್ಪೊ... ಹಬೆ ಇನ್ನೂ ಇದೆಯೇನೋ?”

ಹೊಗೆ ಸೌನಾದಲ್ಲಿ ಕಲ್ಲಿನಲ್ಲಿ ಉಳಿದಷ್ಟೇ ಬಿಸಿ, ತೀರಿದರೆ ಆ ದಿನಕ್ಕೆ ತೀರಿತು. ಇನ್ನೂ ಬೇಕಾದಷ್ಟಿತ್ತು. ಚಿಕ್ಕಂದಿನಿಂದಲೂ ಬಿಸಿ ತಡೆಯಲಾರದೆ ಕೆಳಗಿನ ಹಲಗೆಯಲ್ಲೇ ಕೂರುವ ಇಲ್ಪೊ ಬಕೆಟ್ ಹಿಡಿದು ಮೇಲಿನ ಹಲಗೆ ಹತ್ತಿದ. ಕಾದ ಕಲ್ಲಿಗೆ ಸೌಟಿನ ಮೇಲೆ ಸೌಟು ನೀರು ಸುರಿದ. ಕಿವಿ ಉರಿಯಿತು, ಉಸಿರು ಕಟ್ಟಿತು. ಕಲ್ಲು ಚೊಯ್ ಎನ್ನುವುದನ್ನು ನಿಲ್ಲಿಸುವವರೆಗೂ ಬಿಡಲಿಲ್ಲ.

ಬಾಗಿಲು ತೆರೆದು, ಬೇಯಿಸಿದ ಏಡಿಯಂತೆ ನಿಂತು ಹೇಳಿದ: “ಮುಗೀತಣ್ಣ. ಮುಂದಿನ ಶನಿವಾರ ನೋಡೋಣ.”

ದೋಣಿ ದೂರವಾಗುವವರೆಗೂ ಎದೆಯೆತ್ತಿ ನಿಂತಿದ್ದ. ಆಮೇಲೆ ಕಾಲು ಸೋತು ಸರೋವರಕ್ಕೆ ಬಿದ್ದ.