ನೈಟಿಯಂತೆ ಹೊಲಿದ ಸರಾಫಾನ್

ಹೊಲಿಗೆಯ ವಿಚಾರವನ್ನು ಹೊಲಿಯಲು ಬಾರದವಳು ಬರೆಯುತ್ತಿದ್ದೇನೆ. ದೂರದ ದೇಶದ ಆಚಾರವೊಂದನ್ನು ಒಂದೇ ಒಂದು ವಿಡಿಯೊ ಕರೆಯಲ್ಲಿ ತಿಳಿದವಳು ನಾನು. ತಪ್ಪುಗಳು ನುಸುಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು.

ನಮ್ಮ ಮನೆ ಕೆ.ಜಿ.ಎಫ್.ನಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಂಗಾರಪೇಟೆಯ ಸಣ್ಣದೊಂದು ಗಾರ್ಮೆಂಟ್ಸ್‌ಗೆ ಸೇರಿದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುವಷ್ಟರಲ್ಲಿ ಅವರ ಕಾಲುಗಳು ಊದಿಕೊಂಡಿರುತ್ತಿದ್ದವು. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವಳಾದ ನಾನು ಬಿ.ಎಡ್. ಸೇರುವ ಸಿದ್ಧತೆಯಲ್ಲಿದ್ದೆ, ಮನೆ ನಡೆಯುತ್ತಿದ್ದುದು ಅಮ್ಮನ ದುಡಿಮೆಯಿಂದಲೇ.

ಆ ವರ್ಷ ಅಲ್ಲಿಗೆ ಹೊಸ ಬಗೆಯ ಕೆಲಸ ಬಂತು. ರಷ್ಯಾದಲ್ಲಿ ಹಳೆಯ ಪದ್ಧತಿಯನ್ನು ಇಂದಿಗೂ ಬಿಡದ ಕ್ರೈಸ್ತ ಪಂಗಡವೊಂದಿದೆಯಂತೆ. ಅವರ ಹೆಂಗಸರು ಪ್ರಾರ್ಥನೆಗೆ ತೊಡುವ ಉಡುಪು ಸರಾಫಾನ್: ತೋಳಿಲ್ಲದ, ಪಾದ ಮುಚ್ಚುವ ನಿಲುವಂಗಿ. ಅದರೊಳಗೆ ಉದ್ದ ತೋಳಿನ ಅಂಗಿ, ತಲೆಗೆ ದೊಡ್ಡ ವಸ್ತ್ರ. ಬಂದಿದ್ದ ಚಿತ್ರದಲ್ಲಿ ಸೊಂಟಕ್ಕೊಂದು ಪಟ್ಟಿಯೂ ಕಾಣುತ್ತಿತ್ತು. ಮೊದಲ ಉಡುಪನ್ನು ಹೊಲಿದವರು ಅಮ್ಮ. ವರ್ಷಗಟ್ಟಲೆ ನೈಟಿ ಹೊಲಿದ ಕೈ ಅದು. ಪಟ್ಟಿಯನ್ನು ಎರಡು ತುಂಡು ಮಾಡಿ, ನೈಟಿಗೆ ಮಾಡುವಂತೆಯೇ ಎರಡು ಪಕ್ಕದ ಹೊಲಿಗೆಗಳೊಳಗೆ ಸೇರಿಸಿಬಿಟ್ಟಿತು. ಉಳಿದವರು ಅದನ್ನೇ ನೋಡಿ ಹೊಲಿದರು.

ಸಿದ್ಧವಾದ ಬಟ್ಟೆಗಳ ಚಿತ್ರ ಕಳುಹಿಸಿದಾಗ, ಇವು ಬೇಡವೆಂಬ ಉತ್ತರ ಬಂತು. ಏಕೆಂದು ಯಾರಿಗೂ ತಿಳಿಯಲಿಲ್ಲ. ಈ ಕೆಲಸ ತಂದುಕೊಟ್ಟಿದ್ದ ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ.

"ಮೊದಲ್ನೇ ಪೀಸ್ ಒಲ್ದಿದ್ದು ನೀನೇ ಅಲ್ವೇನಮ್ಮ? ಈ ಮಾಲು ಓಗ್ಲಿಲ್ಲ ಅಂದ್ರೆ ನೀನೂ ಬರೋದು ಬ್ಯಾಡ" ಎಂದರು ಮಾಲೀಕರು.

ಬಟ್ಟೆ ತರಿಸುತ್ತಿದ್ದವರೊಡನೆ ನೇರವಾಗಿ ಮಾತನಾಡಲು ಮರುದಿನ ಅಮ್ಮ, ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ನನ್ನನ್ನು ಜೊತೆಗೆ ಕರೆದೊಯ್ದರು. ವ್ಯಾಕರಣ ತಪ್ಪಿದರೆ ಅಮ್ಮನ ಕೆಲಸವೇ ಹೋದೀತೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ವಿಡಿಯೊ ಕರೆಯ ಪರದೆಯಲ್ಲಿ ಕಾಣಿಸಿಕೊಂಡವರು, ತಲೆವಸ್ತ್ರವನ್ನು ಗಂಟು ಹಾಕದೆ ಗದ್ದದ ಕೆಳಗೆ ಪಿನ್ನು ಚುಚ್ಚಿಕೊಂಡಿದ್ದ ಹಿರಿಯ ಮಹಿಳೆ. ಅವರ ಇಂಗ್ಲಿಷ್ ನನ್ನದಕ್ಕಿಂತಲೂ ತಡವರಿಸುತ್ತಿತ್ತು. ಅವರು ಸಿಟ್ಟಾಗಲಿಲ್ಲ, ತಮ್ಮ ಸೊಂಟದ ನೇಯ್ದ ಪಟ್ಟಿಯನ್ನು ತೋರಿಸಿ ನಿಧಾನವಾಗಿ ವಿವರಿಸಿದರು. ನಾನು ಕನ್ನಡದಲ್ಲಿ ಹೇಳಿದೆ: "ಪಟ್ಟಿಯು ಉಡುಪಿನ ಭಾಗವಲ್ಲವಂತೆ. ದೀಕ್ಷಾಸ್ನಾನದ ಸಮಯದಲ್ಲಿ ಮಗುವಿಗೆ ಅದನ್ನು ಕಟ್ಟುತ್ತಾರಂತೆ. ಅದಿಲ್ಲದೆ ಪ್ರಾರ್ಥನೆ ಮಾಡುವಂತಿಲ್ಲ."

ಸುತ್ತ ನೆರೆದಿದ್ದ ಹೊಲಿಗೆಯ ಹೆಂಗಸರು ನನ್ನ ಮುಖವನ್ನೇ ನೋಡಿದರು. ನನ್ನ ಕನ್ನಡವೂ ಅವರಿಗೆ ಇಂಗ್ಲಿಷಿನಂತೆಯೇ ಕೇಳಿಸಿರಬೇಕು.

"ಅಯ್ಯೋ, ಉಡಿದಾರ ಕಣ್ರೇ ಅದು!" ಎಂದರು ಅಮ್ಮ. "ಉಡಿದಾರಾನ ಯಾರಾನ ಬಟ್ಟೆಗೆ ಒಲೀತಾರಾ? ನಾವು ಒಲ್ದಿದೀವಿ!"

ಪಕ್ಕದ ಮೆಷಿನ್ನಿನವರು ಬಿಡಲಿಲ್ಲ. "ನೀನು ಬಿಡಕ್ಕಾ, ದೇವ್ರಿಗೂ ನೈಟಿ ಒಲ್ದು ಆಕ್ಬಿಡ್ತೀಯ!"

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. "ಬಿಚ್ಚಿ ಕೊಟ್ರೆ ತಕೊಂತಾರಾ? ಕೇಳು" ಎಂದರು. ಕೇಳಿದೆ. ಆಕೆ ಒಪ್ಪಿಕೊಂಡರು, ತಮ್ಮವರ ಬಳಿ ಅವರವರ ಪಟ್ಟಿ ಇದ್ದೇ ಇರುತ್ತದೆಂದರು.

ಬಿಚ್ಚುವುದು ಹೊಲಿಯುವುದಕ್ಕಿಂತ ಬೇಸರದ ಕೆಲಸ. ಪಕ್ಕದ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಡಿಸಿ, ಪಟ್ಟಿ ಎಳೆದು, ಮತ್ತೆ ಮುಚ್ಚಬೇಕು. ತಮ್ಮಿಂದಾದ ತಪ್ಪೆಂದು ಅಮ್ಮ ಹೆಚ್ಚಿನ ರಾಶಿಯನ್ನು ತಾವೇ ಎಳೆದುಕೊಂಡರು. ಆ ದಿನಗಳಲ್ಲಿ ನೆರವಿಗೆಂದು ನಾನೂ ಹೋಗುತ್ತಿದ್ದೆ, ರೈಲಿನಲ್ಲಿ ಮರಳುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಿದ್ದರು. ಅವರ ಸೀರೆಯ ತುಂಬ ಬಿಚ್ಚಿದ ದಾರದ ಎಳೆಗಳು.

ಮಾಲು ಹೋಯಿತು. ಅಮ್ಮನ ಕೆಲಸ ಉಳಿಯಿತು. ಆದರೆ ಆ ತಪ್ಪಿಗಾಗಿ ಮಾಲೀಕರು ಮೆಷಿನ್ನನ್ನು ಅವರ ಪಾಲಿಗೆ ಉಳಿಸಲಿಲ್ಲ. ಈಗ ದಾರ ಕತ್ತರಿಸುವ ಮೇಜಿನಲ್ಲಿದ್ದಾರೆ, ಸಂಬಳ ಕಡಿಮೆ. ಆ ಕೊರತೆ ತುಂಬಲು ನಾನು ಬಿ.ಎಡ್. ಸೇರುವುದನ್ನು ಬಿಟ್ಟು, ಹೊರದೇಶದವರೊಡನೆ ಇಂಗ್ಲಿಷ್ ಮಾತನಾಡುವ ಕೆಲಸಕ್ಕೆ ಅಲ್ಲಿಯೇ ಸೇರಿದೆ. ಬೆಳಗಿನ ರೈಲಿಗೆ ಈಗ ಇಬ್ಬರೂ ಹೋಗುತ್ತೇವೆ.